ಚಿತ್ರಪುಸ್ತಕದ ನೀರಾನೆ, ನದಿಯ ನೀರಾನೆ

ಚಿಕ್ಕ ಮಕ್ಕಳ ಚಿತ್ರಪುಸ್ತಕಗಳಲ್ಲಿ ಸಿಂಹ, ಆನೆ, ಮಂಗಗಳಷ್ಟೇ ಸಲೀಸಾಗಿ ಕಾಣಿಸಿಕೊಳ್ಳುವ ಪ್ರಾಣಿ ನೀರಾನೆ. ಆದರೆ ಭಾರತದ ಯಾವ ಕಾಡಿನಲ್ಲಿಯೂ ಯಾವ ನದಿಯಲ್ಲಿಯೂ ಅದು ಇಂದು ವಾಸವಾಗಿಲ್ಲ. ಕರ್ನಾಟಕದಲ್ಲಿ ಅದನ್ನು ಕಣ್ಣಾರೆ ಕಾಣಬೇಕೆಂದರೆ 1892ರಲ್ಲಿ ಸ್ಥಾಪನೆಯಾದ ಮೈಸೂರಿನ ಮೃಗಾಲಯಕ್ಕೋ, ಬೆಂಗಳೂರಿನ ಅಂಚಿನ ಬನ್ನೇರುಘಟ್ಟಕ್ಕೋ ಹೋಗಬೇಕಾಗುತ್ತದೆ. ಉತ್ತರ ಕರ್ನಾಟಕದ ಕೃಷ್ಣಾ-ಘಟಪ್ರಭಾ ಸೀಮೆಯ ಬನಹಟ್ಟಿ, ರಬಕವಿ, ಜಮಖಂಡಿ, ಮುಧೋಳ, ಬೀಳಗಿಗಳ ಮಕ್ಕಳಿಗೆ ಈ ಎರಡೂ ಊರುಗಳು ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿರುವುದರಿಂದ, ಶಾಲೆಯ ಪ್ರವಾಸಕ್ಕೆ ಹಣ ಹೊಂದಿಸಲಾಗದ ನೇಕಾರರ ಮತ್ತು ಕೂಲಿಕಾರರ ಮನೆಯ ಮಗುವಿಗೆ ಪುಸ್ತಕದಲ್ಲಿರುವ ಚಿತ್ರವೇ ನೀರಾನೆಯ ಮೊದಲ ದರ್ಶನ, ಎಷ್ಟೋ ಸಲ ಕೊನೆಯ ದರ್ಶನವೂ ಹೌದು. ಹಾಗಿರುವಾಗ ಆ ಚಿತ್ರ ಮಗುವಿಗೆ ಏನನ್ನು ಹೇಳುತ್ತಿದೆ ಎಂಬುದು ದೊಡ್ಡವರು ಕುಳಿತು ಯೋಚಿಸಬೇಕಾದ ಸಂಗತಿ.

ಗೋಡೆಗೆ ತೂಗುಹಾಕುವ ಅಕ್ಷರಪಟಗಳಲ್ಲಿ, ದಪ್ಪ ರಟ್ಟಿನ ಪುಟ್ಟ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ನೀರಾನೆ ಗುಲಾಬಿ ಅಥವಾ ನೇರಳೆ ಬಣ್ಣದ್ದು. ಅದರ ಹೊಟ್ಟೆ ದುಂಡಗೆ, ಕಣ್ಣು ದೊಡ್ಡದಾಗಿ, ಕೆಳದವಡೆಯಲ್ಲಿ ಚೌಕಾಕಾರದ ಎರಡು ಹಲ್ಲು ಮಾತ್ರ ಇರುತ್ತವೆ. ಅದು ನೀರಿನ ಮೇಲೆ ತೇಲುತ್ತಾ ನಗುತ್ತಿರುತ್ತದೆ. ಈ ಚಿತ್ರದಲ್ಲಿ ಬಣ್ಣ ಪೂರ್ತಿ ಸುಳ್ಳಲ್ಲ, ಏಕೆಂದರೆ ಬೂದು ಮತ್ತು ಕಂದು ಬೆರೆತ ನೀರಾನೆಯ ಮೈಮೇಲೆ ಕಣ್ಣು ಮತ್ತು ಕಿವಿಗಳ ಸುತ್ತ, ಹೊಟ್ಟೆಯ ಕೆಳಗೆ, ಚರ್ಮದ ಮಡಿಕೆಗಳಲ್ಲಿ ಗುಲಾಬಿ ಛಾಯೆ ನಿಜವಾಗಿಯೂ ಇರುತ್ತದೆ. ತೇಲುವುದು ಮಾತ್ರ ಸುಳ್ಳು, ನಗುವುದು ಅದಕ್ಕಿಂತ ದೊಡ್ಡ ಸುಳ್ಳು.

ಪ್ರಾಣಿಶಾಸ್ತ್ರದ ಪ್ರಕಾರ ನೀರಾನೆಯು ಆನೆಯ ಬಳಗಕ್ಕಾಗಲಿ ಕುದುರೆಯ ಬಳಗಕ್ಕಾಗಲಿ ಸೇರಿದ್ದಲ್ಲ. ಅದು ಹಸು, ಹಂದಿ, ಜಿಂಕೆಗಳಂತೆ ಸಮಸಂಖ್ಯೆಯ ಗೊರಸುಳ್ಳ ಪ್ರಾಣಿಗಳ ವರ್ಗಕ್ಕೆ ಸೇರಿದ್ದು, ಪ್ರತಿ ಪಾದದಲ್ಲಿ ನಾಲ್ಕು ಬೆರಳುಗಳನ್ನು ಹೊಂದಿದೆ. ಇಂದು ಬದುಕಿರುವ ಜೀವಿಗಳಲ್ಲಿ ಅದಕ್ಕೆ ತೀರ ಹತ್ತಿರದ ಸಂಬಂಧಿಗಳೆಂದರೆ ಸಮುದ್ರದ ತಿಮಿಂಗಿಲಗಳು ಎಂಬುದನ್ನು ಅನುವಂಶೀಯ ಅಧ್ಯಯನಗಳು ತೋರಿಸಿಕೊಟ್ಟಿವೆ. ಪೂರ್ಣ ಬೆಳೆದ ಗಂಡು ನೀರಾನೆ ಸಾಮಾನ್ಯವಾಗಿ ಒಂದೂವರೆ ಟನ್ನಿನಿಂದ ಎರಡು ಟನ್ ತೂಗುತ್ತದೆ. ಇನ್ನೂ ಹೆಚ್ಚು ತೂಗುವ ಗಂಡುಗಳೂ ಉಂಟು. ಕೃಷ್ಣಾ ನದಿಯ ದಂಡೆಯ ಮಗುವಿಗೆ ಇದರ ನೀರಿನ ಬದುಕನ್ನು ಪರಿಚಯಿಸುವುದು ಕಷ್ಟವಲ್ಲ, ಏಕೆಂದರೆ ಬೇಸಿಗೆಯ ಮಧ್ಯಾಹ್ನ ಮೂಗು, ಕಣ್ಣು, ಕಿವಿಗಳನ್ನಷ್ಟೇ ಮೇಲಿಟ್ಟು ಮಿಕ್ಕ ಮೈಯನ್ನೆಲ್ಲ ನೀರಿನಲ್ಲಿ ಮುಳುಗಿಸಿಕೊಂಡು ಮಲಗುವ ಎಮ್ಮೆಯನ್ನು ಆ ಮಗು ದಿನವೂ ಕಾಣುತ್ತದೆ. ನೀರಾನೆಯ ಮೂಗು, ಕಣ್ಣು, ಕಿವಿಗಳು ತಲೆಯ ಮೇಲ್ಭಾಗದಲ್ಲಿ ಒಂದೇ ಸಾಲಿನಲ್ಲಿ ಕೂತಿರುವುದು ಹೀಗೆ ಮುಳುಗಿರುವುದಕ್ಕಾಗಿಯೇ. ನೀರಿನೊಳಗೆ ಹೋದೊಡನೆ ಮೂಗಿನ ಹೊಳ್ಳೆಗಳೂ ಕಿವಿಗಳೂ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಎಮ್ಮೆ ಈಜಬಲ್ಲದು, ಮೆಲುಕು ಹಾಕುತ್ತದೆ. ನೀರಾನೆ ಎರಡನ್ನೂ ಮಾಡುವುದಿಲ್ಲ.

ಈಜಲು ಬಾರದ ಪ್ರಾಣಿ ನೀರಿನಲ್ಲಿ ಬದುಕುತ್ತದೆ ಎಂಬ ಮಾತು ಮೊದಲಿಗೆ ವಿಚಿತ್ರವಾಗಿ ಕೇಳಿಸಬಹುದು. ನೀರಾನೆಯ ಮೂಳೆಗಳು ಬಹಳ ಸಾಂದ್ರವಾಗಿರುವುದರಿಂದ ಅದರ ದೇಹ ತೇಲದೆ ಮುಳುಗುತ್ತದೆ. ಆದಕಾರಣ ಅದು ನದಿಯ ತಳವನ್ನು ಕಾಲಿನಿಂದ ಒತ್ತುತ್ತಾ, ನೆಗೆದಂತೆ ನಡೆಯುತ್ತಾ ಮುಂದೆ ಸಾಗುತ್ತದೆ. ದೊಡ್ಡ ನೀರಾನೆ ಸುಮಾರು ಐದು ನಿಮಿಷ ಉಸಿರು ಹಿಡಿಯಬಲ್ಲದು. ನಿದ್ರೆಯಲ್ಲಿದ್ದಾಗಲೂ ಅದರ ದೇಹ ಎಚ್ಚರಗೊಳ್ಳದೆಯೇ ಮೇಲೇರಿ ಉಸಿರೆಳೆದುಕೊಂಡು ಮತ್ತೆ ತಳ ಸೇರುತ್ತದೆ. ಎಂಟು ತಿಂಗಳು ಹೊತ್ತು ಹೆರುವ ತಾಯಿ ಬಹುಮಟ್ಟಿಗೆ ಒಂದೇ ಮರಿಯನ್ನು, ಅದನ್ನೂ ಹೆಚ್ಚಾಗಿ ನೀರಿನಲ್ಲಿಯೇ ಹಾಕುತ್ತದೆ. ಮರಿ ನೀರಿನೊಳಗೇ ಮೊಲೆ ಉಣ್ಣುತ್ತದೆ, ಆಳ ಹೆಚ್ಚಿದ್ದರೆ ತಾಯಿಯ ಬೆನ್ನೇರಿ ಕೂರುತ್ತದೆ. ಬೆನ್ನ ಮೇಲಿನ ಈ ಮರಿಯ ಚಿತ್ರ ಯಾವ ಕಲಾವಿದನಿಗೂ ಕಲ್ಪನೆಯ ನೆರವಿಲ್ಲದೆ ಸಿಕ್ಕುವಂಥದ್ದು.

ನೀರಾನೆ ಹಗಲೆಲ್ಲ ನೀರಿಗೆ ಅಂಟಿಕೊಂಡಿರುವುದಕ್ಕೆ ಅದರ ಚರ್ಮವೇ ಕಾರಣ. ಐದು ಸೆಂಟಿಮೀಟರಿನಷ್ಟು ದಪ್ಪವಿರುವ ಆ ಚರ್ಮದ ತೀರ ಹೊರಗಿನ ಪದರ ಎಷ್ಟು ತೆಳುವೆಂದರೆ, ಬಿಸಿಲಿನಲ್ಲಿ ನಿಂತರೆ ಮೈಯ ನೀರು ಬೇಗಬೇಗನೆ ಆರಿಹೋಗಿ ಚರ್ಮ ಬಿರಿಯುತ್ತದೆ. ದಡದಲ್ಲಿರುವಾಗ ಚರ್ಮದಡಿಯ ಗ್ರಂಥಿಗಳು ಒಂದು ಅಂಟುದ್ರವವನ್ನು ಸ್ರವಿಸುತ್ತವೆ. ಬಣ್ಣವಿಲ್ಲದೆ ಹೊರಬರುವ ಅದು ಕೆಲವೇ ನಿಮಿಷಗಳಲ್ಲಿ ಕೆಂಪಾಗಿ, ಬಳಿಕ ಕಂದಾಗುತ್ತದೆ. ನೀರಾನೆ ರಕ್ತ ಬೆವರುತ್ತದೆ ಎಂಬ ಹಳೆಯ ನಂಬಿಕೆ ಹುಟ್ಟಿದ್ದು ಇದರಿಂದಲೇ. ಇದು ರಕ್ತವೂ ಅಲ್ಲ, ಸರಿಯಾದ ಅರ್ಥದಲ್ಲಿ ಬೆವರೂ ಅಲ್ಲ. ಜಪಾನಿನ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಸಂಶೋಧನೆಯು ಅದರಲ್ಲಿ ಕೆಂಪು ಮತ್ತು ಕಿತ್ತಳೆ ಬಣ್ಣದ ಎರಡು ಆಮ್ಲಗಳಿವೆಯೆಂದೂ, ಅವು ಸೂರ್ಯನ ನೇರಳಾತೀತ ಕಿರಣಗಳನ್ನು, ಎಂದರೆ ಚರ್ಮವನ್ನು ಸುಡುವ ಕಣ್ಣಿಗೆ ಕಾಣದ ಕಿರಣಗಳನ್ನು, ಹೀರಿಕೊಳ್ಳುತ್ತವೆಯೆಂದೂ, ಕೆಂಪು ಆಮ್ಲವು ಗಾಯದಲ್ಲಿ ಕೀವು ತರುವ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನೂ ತಡೆಯುತ್ತದೆಯೆಂದೂ ತೋರಿಸಿತು. ಬಿಸಿಲಿಗೂ ಗಾಯಕ್ಕೂ ಬೇಕಾದ ಮದ್ದನ್ನು ಮೈಯೊಳಗೇ ತಯಾರಿಸಿಕೊಳ್ಳುವ ಪ್ರಾಣಿಯ ವಿಷಯ ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ, ಆ ಮಗುವನ್ನು ಬೆರಗುಗೊಳಿಸುತ್ತದೆ. ಆದರೂ ಚಿತ್ರಪುಸ್ತಕಗಳು ಇದನ್ನು ಮುಟ್ಟುವುದು ಅಪರೂಪ.

ಇನ್ನು ಆ ನಗು. ನೀರಾನೆಯು ಬಾಯಿಯನ್ನು ಸುಮಾರು 150 ಡಿಗ್ರಿಯಷ್ಟು ತೆರೆಯಬಲ್ಲದು, ಮತ್ತು ಹಾಗೆ ತೆರೆಯುವುದು ಹೆಚ್ಚಿನ ಸಲ ಆಕಳಿಕೆಯಲ್ಲ, ಎಚ್ಚರಿಕೆ. ಕೆಳದವಡೆಯ ಕೋರೆಹಲ್ಲುಗಳು ಅರ್ಧ ಮೀಟರಿನವರೆಗೆ ಬೆಳೆಯುತ್ತವೆ; ಮೇಲಿನ ಹಲ್ಲಿಗೆ ಉಜ್ಜಿಕೊಳ್ಳುತ್ತಾ ಸದಾ ಹರಿತವಾಗಿರುವ ಅವು ಹುಲ್ಲು ಕತ್ತರಿಸುವುದಕ್ಕಲ್ಲ, ಕಾದಾಡುವುದಕ್ಕೆ ಇರುವ ಆಯುಧಗಳು. ಹುಲ್ಲನ್ನು ಅದು ಕೀಳುವುದು ಅರ್ಧ ಮೀಟರ್ ಅಗಲದ ಗಟ್ಟಿ ತುಟಿಗಳಿಂದ. ನದಿಯ ಒಂದು ತುಂಡು ದಂಡೆಯನ್ನು ತನ್ನದೆಂದು ಕಾಯುವ ಗಂಡೂ ಮರಿಯಿರುವ ತಾಯಿಯೂ ದೋಣಿಯನ್ನಾಗಲಿ ಮನುಷ್ಯನನ್ನಾಗಲಿ ಸಹಿಸುವುದಿಲ್ಲ. ಆಫ್ರಿಕದ ನದಿಗಳಲ್ಲಿ ಮೀನು ಹಿಡಿಯುವವರು, ನೀರು ತರಲು ಹೋಗುವ ಹೆಂಗಸರು ನೀರಾನೆಗೆ ಹೆದರುವುದಕ್ಕೆ ಸಾಕಷ್ಟು ಕಾರಣವಿದೆ. ಭಾರವಾದ ಆ ದೇಹ ನೆಲದ ಮೇಲೆ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ವೇಗವಾಗಿ ಓಡುವಾಗ ನಾಲ್ಕೂ ಪಾದಗಳು ಕ್ಷಣಮಾತ್ರ ನೆಲ ಬಿಡುತ್ತವೆ ಎಂಬುದನ್ನು ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2024ರಲ್ಲಿ ವಿಡಿಯೊಗಳನ್ನು ಪರಿಶೀಲಿಸಿ ಕಂಡುಕೊಂಡರು. ಕೃಷ್ಣೆಯಲ್ಲಿ ಮೊಸಳೆಗಳಿವೆಯೆಂದು ತಿಳಿದು ಬೆಳೆಯುವ ಮಕ್ಕಳಿಗೆ ಕಾಡುಪ್ರಾಣಿಯ ಅಪಾಯವನ್ನು ಮುಚ್ಚಿಡುವ ಅಗತ್ಯವಿಲ್ಲ. ಹೆದರಿಸದೆ ಹೇಳುವ ಕಲೆಯೊಂದಿದ್ದರೆ ಸಾಕು.

ಸಂಜೆಯಾದ ಮೇಲೆ ನೀರಾನೆ ದಡವೇರಿ, ತಲೆತಲಾಂತರದಿಂದ ತುಳಿದು ಸವೆದ ಕಾಲುದಾರಿಯಲ್ಲಿ ನಡೆದು, ಐದಾರು ಗಂಟೆಗಳ ಕಾಲ ಒಂಟಿಯಾಗಿ ಮೇಯುತ್ತದೆ. ಒಂದು ರಾತ್ರಿಗೆ ಅದು ತಿನ್ನುವ ಹುಲ್ಲು ಸುಮಾರು 40 ಕಿಲೋಗ್ರಾಂ. ಆ ಗಾತ್ರದ ಪ್ರಾಣಿಗೆ ಇದು ಕಡಿಮೆಯೇ, ಏಕೆಂದರೆ ಹಗಲೆಲ್ಲ ನೀರಿನಲ್ಲಿ ಹೊರಳಾಡುವ ದೇಹಕ್ಕೆ ಹೆಚ್ಚು ಶಕ್ತಿ ವ್ಯಯವಾಗುವುದಿಲ್ಲ. ಬೆಳಗಾಗುವುದರೊಳಗೆ ನದಿಗೆ ಮರಳಿ, ತಿಂದದ್ದನ್ನು ಲದ್ದಿಯಾಗಿ ನೀರಿಗೆ ಬಿಡುತ್ತದೆ, ಚಪ್ಪಟೆಯಾದ ಗಿಡ್ಡ ಬಾಲವನ್ನು ಬೀಸುತ್ತಾ ಅದನ್ನು ಸುತ್ತಲೂ ಚೆಲ್ಲುತ್ತದೆ. ಹೀಗೆ ಹುಲ್ಲುಗಾವಲಿನ ಸಾರ ರಾತ್ರಿಯೆಲ್ಲ ನದಿಗೆ ಸಾಗುತ್ತದೆ. ಕೀನ್ಯಾದ ಮಾರಾ ನದಿಯಲ್ಲಿರುವ ಸುಮಾರು ನಾಲ್ಕು ಸಾವಿರ ನೀರಾನೆಗಳು ದಿನವೊಂದಕ್ಕೆ 36 ಟನ್ನಿನಷ್ಟು ಲದ್ದಿಯನ್ನು ನದಿಗೆ ಸೇರಿಸುತ್ತವೆ. ಅದು ಹುಳುಗಳಿಗೆ, ಮೀನುಗಳಿಗೆ, ಪಾಚಿಗೆ ಆಹಾರವಾಗುತ್ತದೆ. ಹುಲ್ಲಿನಲ್ಲಿರುವ ಸಿಲಿಕಾನ್ ಎಂಬ ಮೂಲವಸ್ತುವು ಈ ದಾರಿಯಿಂದಲೇ ನೀರು ಸೇರಿ, ಗಾಜಿನಂಥ ಚಿಪ್ಪಿರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳನ್ನು ಪೋಷಿಸುತ್ತದೆ. ನದಿ ಬತ್ತಿ ಹರಿವು ನಿಂತ ಮಡುಗಳಲ್ಲಿ ಮಾತ್ರ ಇದೇ ಲದ್ದಿ ಕೊಳೆತು ನೀರಿನ ಆಮ್ಲಜನಕವನ್ನು ಕಸಿಯುತ್ತದೆ, ಮತ್ತು ಮೊದಲ ಪ್ರವಾಹ ಆ ಕೊಳೆನೀರನ್ನು ಕೆಳಗೆ ತಳ್ಳಿದಾಗ ಮೀನುಗಳು ರಾಶಿರಾಶಿಯಾಗಿ ಸಾಯುತ್ತವೆ. ನದಿಗೆ ಹರಿವು ಎಷ್ಟು ಮುಖ್ಯ ಎಂಬುದಕ್ಕೆ, ಬೇಸಿಗೆಯಲ್ಲಿ ಕೃಷ್ಣೆಯ ಹಿಪ್ಪರಗಿ ಬ್ಯಾರೇಜಿನ ನೀರಿನ ಮಟ್ಟವನ್ನೇ ನೋಡುತ್ತಾ ಕೂರುವ ಈ ಭಾಗದ ಜನರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಸಂಗತಿಗಳನ್ನೆಲ್ಲ ಚಿಕ್ಕ ಮಕ್ಕಳ ಪುಸ್ತಕದಲ್ಲಿ ಹೇಳಲಾಗದು ಎಂಬ ಆಕ್ಷೇಪಕ್ಕೆ 1986ರಲ್ಲಿ ಇಂಗ್ಲಿಷಿನಲ್ಲಿ ಬಂದ 'ಹಾಟ್ ಹಿಪ್ಪೊ' ಒಳ್ಳೆಯ ಉತ್ತರ. ಮ್ವೆನ್ಯೆ ಹದಿಥಿ ಎಂಬ ಹೆಸರಿನಲ್ಲಿ ಬರೆಯಲಾದ, ಏಡ್ರಿಯೆನ್ ಕೆನಾವೆ ಚಿತ್ರ ಬಿಡಿಸಿದ ಈ ಪುಸ್ತಕ ಪೂರ್ವ ಆಫ್ರಿಕದ ಜನಪದ ಕಥೆಯೊಂದನ್ನು ಆಧರಿಸಿದೆ. ನೆಲದ ಮೇಲಿದ್ದ ನೀರಾನೆಗೆ ಬಿಸಿಲಿನ ಧಗೆ ತಾಳಲಾಗುವುದಿಲ್ಲ. ಅದು ಎನ್‌ಗಾಯ್ ಎಂಬ ದೇವರ ಬಳಿ ಹೋಗಿ ನೀರಿನಲ್ಲಿರಲು ಅಪ್ಪಣೆ ಬೇಡುತ್ತದೆ. ತನ್ನ ಮೀನುಗಳನ್ನು ಇದು ತಿಂದುಬಿಟ್ಟೀತು ಎಂಬ ಆತಂಕ ದೇವರಿಗೆ. ಕೊನೆಗೆ ಒಪ್ಪಂದವಾಗುತ್ತದೆ: ಹಗಲು ನೀರಿನಲ್ಲಿರುವುದು, ರಾತ್ರಿ ದಡಕ್ಕೆ ಬಂದು ಹುಲ್ಲು ಮೇಯುವುದು, ಮೀನು ತಿಂದಿಲ್ಲವೆಂದು ತೋರಿಸಲು ಆಗಾಗ ಬಾಯಿ ತೆರೆಯುವುದು, ಮೂಳೆ ಬಚ್ಚಿಟ್ಟಿಲ್ಲವೆಂದು ತೋರಿಸಲು ಬಾಲದಿಂದ ನೀರು ಕಲಕುವುದು. ಅಪ್ಪಣೆ ಸಿಕ್ಕ ಸಂತೋಷದಲ್ಲಿ ನದಿಗೆ ಹಾರಿದ ನೀರಾನೆ ಈಜಲು ಬಾರದೆ ಕಲ್ಲಿನಂತೆ ತಳ ಸೇರಿ, ಅಲ್ಲಿ ಓಡಾಡುವುದನ್ನು ಕಲಿಯುತ್ತದೆ. ರಾತ್ರಿಯ ಮೇವು, ತೆರೆದ ಬಾಯಿ, ಬೀಸುವ ಬಾಲ, ತಳದ ನಡಿಗೆ, ಮೀನು ತಿನ್ನದ ಹೊಟ್ಟೆ: ಪ್ರಾಣಿಶಾಸ್ತ್ರಜ್ಞ ಗಮನಿಸುವ ಐದು ಮುಖ್ಯ ಲಕ್ಷಣಗಳನ್ನು ಕಥೆ ಒಂದೂ ತಪ್ಪದೆ ಒಳಗೊಂಡಿದೆ. ಕಾರಣ ಮಾತ್ರ ಕಥೆಯದು, ಲಕ್ಷಣ ಪ್ರಾಣಿಯದು. ನದಿಯ ದಂಡೆಯಲ್ಲಿ ತಲೆಮಾರುಗಳಿಂದ ನೀರಾನೆಯನ್ನು ನೋಡುತ್ತಾ ಬದುಕಿದ ಜನ ಕಟ್ಟಿದ ಕಥೆಯಾದ್ದರಿಂದಲೇ ಅದಕ್ಕೆ ಈ ಸತ್ಯ ಒದಗಿದೆ.

ಇದಕ್ಕೆ ಬೇರೆಯಾದ ಇನ್ನೊಂದು ಬಗೆಯೂ ಉಂಟು. ಅಮೆರಿಕದ ಜೇಮ್ಸ್ ಮಾರ್ಷಲ್ 1972ರಲ್ಲಿ ಆರಂಭಿಸಿದ 'ಜಾರ್ಜ್ ಮತ್ತು ಮಾರ್ಥಾ' ಪುಸ್ತಕಗಳಲ್ಲಿ ಎರಡು ನೀರಾನೆಗಳು ಮನೆಯಲ್ಲಿ ವಾಸಿಸುವ ಗೆಳೆಯರು. ಅವುಗಳ ಮುನಿಸು, ರಾಜಿ, ಪರಸ್ಪರ ಮನನೋಯಿಸದ ಎಚ್ಚರಿಕೆಗಳೇ ಕಥೆಯ ವಸ್ತು. ಅಲ್ಲಿ ನೀರಾನೆಯ ದೇಹ ಮನುಷ್ಯ ಸ್ವಭಾವಕ್ಕೆ ತೊಡಿಸಿದ ವೇಷ. ಇದನ್ನು ತಪ್ಪೆನ್ನಲಾಗದು. ಸುಮಾರು 1031ರಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿಯೂ ಸಿಂಹ, ಎತ್ತು, ನರಿಗಳು ರಾಜನೀತಿ ಮಾತನಾಡುತ್ತವೆ. ಆದರೆ ಆ ಕಥೆಗಳನ್ನು ಕೇಳಿದ ಮಕ್ಕಳು ಹೊರಗೆ ಬಂದರೆ ನಿಜವಾದ ಎತ್ತು ಕೊಟ್ಟಿಗೆಯಲ್ಲಿಯೇ ಇರುತ್ತಿತ್ತು, ನರಿಯ ಕೂಗು ಹೊಲದಂಚಿನಿಂದಲೇ ಕೇಳುತ್ತಿತ್ತು. ವೇಷದ ಹಿಂದಿನ ಪ್ರಾಣಿಯನ್ನು ಬಲ್ಲ ಮಗುವಿಗೆ ವೇಷ ಒಂದು ಆಟ. ನೀರಾನೆಯ ವಿಷಯದಲ್ಲಿ ನಮ್ಮ ಮಕ್ಕಳಿಗೆ ಹಾಗೆ ಬಲ್ಲ ಪ್ರಾಣಿಯೇ ಇಲ್ಲವಾದ್ದರಿಂದ, ಅಂಗಿ ತೊಟ್ಟು ನಗುವ ನೀರಾನೆಯ ಪಕ್ಕದಲ್ಲಿ ನದಿಯ ನೀರಾನೆಯನ್ನು ತೋರಿಸುವ ಇನ್ನೊಂದು ಪುಸ್ತಕ ಇರಲೇಬೇಕಾಗುತ್ತದೆ.

ಅಂಥ ಪುಸ್ತಕ ಕಥೆಯಷ್ಟೇ ಹೃದಯಂಗಮವಾಗಿರಬಲ್ಲದು ಎಂಬುದಕ್ಕೆ 'ಓವೆನ್ ಮತ್ತು ಮ್ಜೀ' ಸಾಕ್ಷಿ. 2004ರ ಡಿಸೆಂಬರ್ 26ರ ಸುನಾಮಿ ಭಾರತದ ಕರಾವಳಿಯನ್ನು ಬಡಿದ ದಿನವೇ ಕೀನ್ಯಾದ ತೀರವನ್ನೂ ತಲುಪಿತು. ಮರುದಿನ ಮಾಲಿಂದಿ ಎಂಬ ಊರಿನ ಬಳಿ ಸಮುದ್ರದಲ್ಲಿ ತಾಯಿಯಿಲ್ಲದೆ ಸಿಕ್ಕಿಕೊಂಡಿದ್ದ ನೀರಾನೆಯ ಮರಿಯೊಂದನ್ನು ಜನ ಬಲೆ ಹಾಕಿ ದಡಕ್ಕೆಳೆದು, ಮೊಂಬಾಸಾದ ಹ್ಯಾಲರ್ ಉದ್ಯಾನಕ್ಕೆ ಸಾಗಿಸಿದರು. ಅಲ್ಲಿ ಓವೆನ್ ಎಂಬ ಹೆಸರಿನ ಆ ಮರಿ ನೇರವಾಗಿ ಹೋಗಿ ಅಡಗಿಕೊಂಡದ್ದು ಸುಮಾರು 130 ವರ್ಷ ವಯಸ್ಸಿನದೆನ್ನಲಾದ ಮ್ಜೀ ಎಂಬ ದೈತ್ಯ ಆಮೆಯ ಬೆನ್ನ ಹಿಂದೆ. ಆಮೆ ಮೊದಲು ಅದನ್ನು ದೂರವಿಟ್ಟಿತು. ಕೆಲವು ದಿನಗಳಲ್ಲಿ ಎರಡೂ ಜೊತೆಯಾಗಿ ತಿನ್ನತೊಡಗಿದವು, ಜೊತೆಯಾಗಿ ಮಲಗತೊಡಗಿದವು. ಪೀಟರ್ ಗ್ರೆಸ್ಟೆ ತೆಗೆದ ಛಾಯಾಚಿತ್ರಗಳೊಂದಿಗೆ 2006ರಲ್ಲಿ ಈ ಘಟನೆ ಮಕ್ಕಳ ಪುಸ್ತಕವಾಯಿತು. ನೀರಾನೆಯ ಮರಿ ವರ್ಷಗಟ್ಟಲೆ ತಾಯಿಯನ್ನು ಬಿಟ್ಟಿರದು ಎಂಬ ಪ್ರಕೃತಿಯ ಸತ್ಯ ತಿಳಿದರೆ, ದುಂಡಗಿನ ಬೂದುಬಣ್ಣದ ಆ ಆಮೆಯ ಹಿಂದೆ ಮರಿ ಅಡಗಿದ್ದೇಕೆ ಎಂಬುದು ಮಗುವಿಗೆ ಯಾರೂ ವಿವರಿಸದೆಯೇ ಹೊಳೆಯುತ್ತದೆ.

ನೀರಾನೆ ಆಫ್ರಿಕದ್ದು, ನಮಗೆ ಅದರ ಗೊಡವೆ ಏಕೆ ಎಂದು ಕೇಳುವವರು ಭೂಮಿಯ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ತಿರುವಿ ನೋಡಬೇಕು. ಹ್ಯೂ ಫಾಲ್ಕನರ್ ಮತ್ತು ಪ್ರೋಬಿ ಕಾಟ್ಲಿ ಎಂಬಿಬ್ಬರು ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ ಪಳೆಯುಳಿಕೆಗಳನ್ನು, ಎಂದರೆ ಕಲ್ಲಾಗಿ ಉಳಿದ ಜೀವಿಗಳ ಅವಶೇಷಗಳನ್ನು, ಪರಿಶೀಲಿಸಿ 1836ರಲ್ಲಿ ಭಾರತದ ನೀರಾನೆಗೆ ಹೆಕ್ಸಾಪ್ರೊಟೊಡಾನ್ ಎಂದು ಹೆಸರಿಟ್ಟರು. ಇಂದಿನ ನೀರಾನೆಯ ದವಡೆಯ ಮುಂಭಾಗದಲ್ಲಿ ನಾಲ್ಕು ಬಾಚಿಹಲ್ಲುಗಳಿದ್ದರೆ ಅದಕ್ಕೆ ಆರು ಇದ್ದವು. ಅದೇ ಬಳಗದ ನೀರಾನೆಗಳು ನರ್ಮದೆಯಲ್ಲಿ, ಗೋದಾವರಿಯಲ್ಲಿ, ಬೀದರ್ ಜಿಲ್ಲೆಯಲ್ಲೂ ಹರಿಯುವ ಮಾಂಜ್ರಾ ನದಿಯ ಮೇಲಿನ ಕಣಿವೆಯಲ್ಲಿ ಬದುಕಿದ್ದವು. ಬನಹಟ್ಟಿಗೆ ಇನ್ನಷ್ಟು ಹತ್ತಿರದ ಸಾಕ್ಷಿ ಖಡ್ಗಮೃಗದ್ದು: ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗೋಕಾಕದ ಬಳಿ ಹಳೆಯ ನದಿಮಣ್ಣಿನಲ್ಲಿ ಸಿಕ್ಕ ಖಡ್ಗಮೃಗದ ಮೂಳೆಗಳನ್ನು 1874ರಲ್ಲಿ ವರ್ಣಿಸಿ, ಅದಕ್ಕೆ ದಖ್ಖನ್ನಿನ ಹೆಸರನ್ನೇ ಇಟ್ಟ. ಗೋಕಾಕದ ನದಿಯಾದ ಘಟಪ್ರಭೆ ಅಲ್ಲಿಂದ ಮುಧೋಳದ ಹೊಲಗಳನ್ನು ದಾಟಿ ಬೀಳಗಿ ಸೀಮೆಯ ಅನಗವಾಡಿಗೆ ಬರುತ್ತದೆ, ಅನಗವಾಡಿಯಲ್ಲಿ ಹಳೆಯ ಶಿಲಾಯುಗದ ಮನುಷ್ಯರು ಬಿಟ್ಟುಹೋದ ಕಲ್ಲಿನ ಕೈಗೊಡಲಿಗಳು ಉತ್ಖನನದಲ್ಲಿ ದೊರೆತಿವೆ. ಇಂದು ಕಬ್ಬು ತೂಗುವ ಈ ಕಣಿವೆಯಲ್ಲಿ ಒಂದು ಕಾಲಕ್ಕೆ ದೊಡ್ಡ ಸಸ್ಯಾಹಾರಿ ಪ್ರಾಣಿಗಳನ್ನು ಸಾಕುವಷ್ಟು ಹುಲ್ಲೂ ಕೆಸರೂ ಇದ್ದವು.

ಭಾರತದ ನೀರಾನೆಗಳು ಏಕೆ ಅಳಿದವು ಎಂಬುದರ ಬಗ್ಗೆ ಸಂಶೋಧಕರು ಈಗ ಮುಖ್ಯವಾಗಿ ಬೆರಳು ತೋರಿಸುವುದು ಮಳೆಯ ಕಡೆಗೆ. ನೀರಾನೆಯ ಹಲ್ಲೊಂದರ ಇಂಗಾಲದ ಕಾಲಮಾಪನದಿಂದ, ಅದರ ವಯಸ್ಸು ಸುಮಾರು 16,000 ವರ್ಷವೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಹಿಮಯುಗದ ಆ ಕೊನೆಯ ಘಟ್ಟದಲ್ಲಿ ಮುಂಗಾರು ದುರ್ಬಲವಾಗಿ ನದಿಗಳು ಬತ್ತುತ್ತಿದ್ದವು. ಹಗಲು ನೀರಿಲ್ಲದೆ ಬದುಕಲಾರದ ಪ್ರಾಣಿಗೆ ಬೇರೆ ದಾರಿಯಿರಲಿಲ್ಲ.

ಆಫ್ರಿಕದಲ್ಲಿ ಇಂದು ಉಳಿದಿರುವ ನೀರಾನೆಗಳ ಸಂಖ್ಯೆ 1,15,000ದಿಂದ 1,30,000 ಎಂಬ ಅಂದಾಜಿದೆ. 2006ರಿಂದ ನೀರಾನೆ ಅಳಿವಿನ ಅಪಾಯ ಎದುರಿಸುವ ಪ್ರಾಣಿಗಳ ಪಟ್ಟಿಯಲ್ಲಿದೆ. 1989ರಲ್ಲಿ ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿದ್ದ ಮೇಲೆ ಬೇಟೆಗಾರರ ಕಣ್ಣು ನೀರಾನೆಯ ಕೋರೆಹಲ್ಲಿನ ಮೇಲೂ ಬಿದ್ದಿತು. ಕಾಂಗೋದ ವಿರುಂಗಾ ಉದ್ಯಾನದಲ್ಲಿ 1970ರ ದಶಕದಲ್ಲಿ 29,000ದಷ್ಟಿದ್ದ ನೀರಾನೆಗಳು ಯುದ್ಧ ಮತ್ತು ಬೇಟೆಗಳಿಂದಾಗಿ ಮೂರು ದಶಕಗಳಲ್ಲಿ ಸಾವಿರದ ಆಸುಪಾಸಿಗೆ ಇಳಿದವು.

ಕನ್ನಡದಲ್ಲಿ ಮಕ್ಕಳಿಗೆ ಜೀವಲೋಕವನ್ನು ನಿಷ್ಠೆಯಿಂದ ಪರಿಚಯಿಸುವ ಕೆಲಸಕ್ಕೆ ದೊಡ್ಡ ಪರಂಪರೆಯೇ ಇದೆ. ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದರು. 1970ರ ದಶಕದಲ್ಲಿ ನಿರಂಜನರ ಸಂಪಾದಕತ್ವದ ಕಿರಿಯರ ವಿಶ್ವಕೋಶ 'ಜ್ಞಾನಗಂಗೋತ್ರಿ' ಬಂದಿತು. ಅವು ಓದಲು ಬಲ್ಲ ಮಕ್ಕಳಿಗಾಗಿ ಇದ್ದವು. ಓದು ಇನ್ನೂ ಬಾರದ, ಚಿತ್ರ ನೋಡಿ ಪ್ರಶ್ನೆ ಕೇಳುವ ಮೂರು, ನಾಲ್ಕು, ಐದು ವರ್ಷದ ಮಕ್ಕಳಿಗೆ ನ್ಯಾಷನಲ್ ಬುಕ್ ಟ್ರಸ್ಟ್, ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ ಮುಂತಾದ ಪ್ರಕಾಶನಗಳು ಕನ್ನಡದಲ್ಲಿ ಚಿತ್ರಪುಸ್ತಕಗಳನ್ನು ತಂದು ಮಹತ್ತ್ವದ ಕೆಲಸ ಮಾಡಿವೆ. ಆದರೆ ದಖ್ಖನ್ನಿನ ನದಿಗಳ ಪ್ರಾಚೀನ ಪ್ರಾಣಿಗಳು ಈ ವಯಸ್ಸಿನವರ ಪುಟಗಳಿಗೆ ಹೆಚ್ಚಾಗಿ ಇನ್ನೂ ಬಂದಿಲ್ಲವೆಂಬುದು ಕೊರತೆಯೇ ಸರಿ. ಇದಕ್ಕೆ ಬೇಕಾದ ವಿಜ್ಞಾನ ಸಿದ್ಧವಾಗಿದೆ. ಬೇಕಾಗಿರುವುದು ಆರು ಬಾಚಿಹಲ್ಲುಗಳನ್ನು ಎಣಿಸಿ ಬಿಡಿಸುವ ಚಿತ್ರಕಾರರು ಮತ್ತು ಹತ್ತು ಸಾಲಿನಲ್ಲಿ ಹತ್ತು ಸತ್ಯಗಳನ್ನು ಹೇಳಬಲ್ಲ ಬರಹಗಾರರು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ 'ಓದುವ ಬೆಳಕು' ಕಾರ್ಯಕ್ರಮವನ್ನು ಕರ್ನಾಟಕ ಸರ್ಕಾರ 2020ರ ನವೆಂಬರಿನಲ್ಲಿ ಆರಂಭಿಸಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಗ್ರಂಥಾಲಯಗಳಿಗೆ ಪುಸ್ತಕ ಆರಿಸುವವರು ಪ್ರಾಣಿಗಳ ಚಿತ್ರಪುಸ್ತಕ ಕೈಗೆತ್ತಿಕೊಂಡಾಗ ಬಣ್ಣ ಮತ್ತು ಬೆಲೆಗಳ ಜೊತೆಗೆ ಇನ್ನೊಂದನ್ನೂ ಪರೀಕ್ಷಿಸಬೇಕು: ಆ ಪ್ರಾಣಿ ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವುದಕ್ಕೆ ಸಿಟ್ಟಾಗುತ್ತದೆ ಎಂಬುದನ್ನು ಆ ಪುಸ್ತಕ ಹೇಳುತ್ತದೆಯೇ ಎಂದು. ಹೇಳುವ ಪುಸ್ತಕ ಸಿಕ್ಕಿದರೆ ಅದರ ಎರಡು ಪ್ರತಿ ಕೊಳ್ಳಬೇಕು, ಏಕೆಂದರೆ ಮಕ್ಕಳು ಒಂದನ್ನು ಬೇಗನೆ ಹರಿದುಹಾಕುತ್ತಾರೆ.